ಅರವತ್ತು ಮಕ್ಕಳು ಮತ್ತು ಹನ್ನೆರಡರ ತಂಡ

ಕರ್ನಾಟಕದ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆ ಕಡತಗಳ ಮಟ್ಟಿಗೆ ಒಂದೇ ಆದರೂ, ಆ ಹುದ್ದೆಯಲ್ಲಿರುವವರು ದಿನನಿತ್ಯ ನಿಭಾಯಿಸುವ ಕೆಲಸ ಎರಡು ಬೇರೆ ಬೇರೆ ವೃತ್ತಿಗಳಿಗೆ ಸೇರಿದ್ದು. ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯವರೆಗೆ ಅವರು ಎಂಟು, ಒಂಬತ್ತು ಮತ್ತು ಹತ್ತನೆಯ ತರಗತಿಗಳ ಎಲ್ಲ ಮಕ್ಕಳಿಗೂ ಶಿಕ್ಷಕರು. ಗಂಟೆ ಬಾರಿಸಿದ ಮೇಲೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಆ ಮಕ್ಕಳಲ್ಲಿ ಆರಿಸಿ ತೆಗೆದ ಕೆಲವರಿಗೆ ಮಾತ್ರ ತರಬೇತುದಾರರು. ಊರಿನವರು ಅವರನ್ನು ಪಿ.ಟಿ. ಮೇಷ್ಟ್ರೆಂದೋ ಪಿ.ಟಿ. ಟೀಚರ್ ಎಂದೋ ಒಂದೇ ಹೆಸರಿನಿಂದ ಕರೆಯುವುದರಿಂದ ಈ ಎರಡು ಕೆಲಸಗಳ ನಡುವಿನ ಎಳೆದಾಟ ಹೊರಗಿನವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಶಿಕ್ಷಕ ಮತ್ತು ತರಬೇತುದಾರ ಒಬ್ಬರೇ ಆಗಿರುವುದು ಶಾಲೆಗೆ ಒಳ್ಳೆಯದೇ. ಆದರೆ ಅವರೊಳಗಿನ ತರಬೇತುದಾರ ಅವರೊಳಗಿನ ಶಿಕ್ಷಕನಿಗೆ ಉತ್ತರಿಸಬೇಕಾದ ಸ್ಥಿತಿಯಲ್ಲಿ ಇರುವಷ್ಟು ಕಾಲ ಮಾತ್ರ ಅದು ಒಳ್ಳೆಯದು ಎಂಬುದು ಈ ಲೇಖನದ ವಾದ. ಈ ಕ್ರಮ ತಿರುವುಮುರುವಾದ ಕಡೆಗಳಲ್ಲಿ ಏನಾಗಿದೆ, ಇಲ್ಲಿ ಅದು ತಿರುವುಮುರುವಾಗಲು ಯಾವ ಒತ್ತಡಗಳು ಕೆಲಸ ಮಾಡುತ್ತಿವೆ ಎಂಬುದನ್ನು ನೋಡಿದರೆ ವಾದದ ಅಗತ್ಯ ಸ್ಪಷ್ಟವಾಗುತ್ತದೆ.

ಮೊದಲಿಗೆ ಎರಡು ಕೆಲಸಗಳ ಸ್ವಭಾವವನ್ನು ಬಿಡಿಸಿ ನೋಡಬೇಕು. ಶಿಕ್ಷಕನ ಮುಂದೆ ನಿಲ್ಲುವುದು ತರಗತಿ. ಅದರಲ್ಲಿ ಅರವತ್ತು ಮಕ್ಕಳಿದ್ದರೆ ಅರವತ್ತೂ ಮಕ್ಕಳು ಅವರ ಹೊಣೆ, ಓಡಬಲ್ಲವರಷ್ಟೇ ಓಡಲಾರದವರೂ ಅವರ ಹೊಣೆ. ತರಬೇತುದಾರನ ಮುಂದೆ ನಿಲ್ಲುವುದು ತಂಡ. ಶಾಲಾ ಮಟ್ಟದ ಕಬಡ್ಡಿ, ವಾಲಿಬಾಲ್, ಖೋ ಖೋ ಇವುಗಳಲ್ಲಿ ತಂಡವೆಂದರೆ ಹನ್ನೆರಡರ ಆಸುಪಾಸಿನ ಮಕ್ಕಳು, ಮತ್ತು ಆ ಹನ್ನೆರಡು ಮಂದಿಯನ್ನು ಆರಿಸುವುದೆಂದರೆ ಉಳಿದ ನಲವತ್ತೆಂಟು ಮಂದಿಯನ್ನು ಬದಿಗೆ ಸರಿಸುವುದು. ಆಯ್ಕೆಯಿಲ್ಲದೆ ತರಬೇತಿಯಿಲ್ಲ, ಆದರೆ ಆಯ್ಕೆಯೇ ಶಿಕ್ಷಣವಾಗಿಬಿಟ್ಟರೆ ಅಲ್ಲಿ ಶಾಲೆಯಿಲ್ಲ. ಗಣಿತದ ಶಿಕ್ಷಕರೊಬ್ಬರು ತರಗತಿಯ ಹನ್ನೆರಡು ಜಾಣರಿಗೆ ಮಾತ್ರ ಲೆಕ್ಕ ಹೇಳಿಕೊಟ್ಟು, ಉಳಿದವರನ್ನು ಗೋಡೆಗೆ ಒರಗಿ ಕುಳಿತು ನೋಡಿರಿ ಎಂದರೆ ಅದನ್ನು ಯಾವ ಪೋಷಕರೂ ಒಪ್ಪುವುದಿಲ್ಲ. ಆಟದ ಬಯಲಿನಲ್ಲಿ ಇದೇ ನಡೆದಾಗ ಯಾರೂ ಪ್ರಶ್ನಿಸುವುದಿಲ್ಲ, ಏಕೆಂದರೆ ಆಟ ಬಲ್ಲವರಿಗೆ ಮಾತ್ರ ಸೇರಿದ್ದು ಎಂಬ ಭಾವನೆ ಸಮಾಜದಲ್ಲಿ ಆಳವಾಗಿ ಬೇರೂರಿದೆ.

ಈ ಭಾವನೆಗೆ ಒಂದು ಹಿನ್ನೆಲೆಯೂ ಇದೆ. ಹಳೆಯ ಮೈಸೂರು ಸೀಮೆಯ ಗರಡಿಮನೆಗಳಲ್ಲಿ ಉಸ್ತಾದರ ಬಳಿ ಮಟ್ಟಿಯ ಮಣ್ಣಿಗೆ ಇಳಿಯುತ್ತಿದ್ದವರು ತಾವಾಗಿ ಬಂದವರು, ಕಸುವಿದ್ದವರು ಮತ್ತು ಗಂಡಸರು. ಉಸ್ತಾದರು ಉತ್ಕೃಷ್ಟ ತರಬೇತುದಾರರಾಗಿದ್ದರೇ ಹೊರತು, ಊರಿನ ಎಲ್ಲ ಮಕ್ಕಳ ಮೈಯನ್ನು ತಿದ್ದುವ ಹೊಣೆ ಅವರ ಮೇಲೆ ಇರಲಿಲ್ಲ. ಇನ್ನೊಂದು ಕಡೆ, ಬ್ರಿಟಿಷರ ಕಾಲದ ಶಾಲೆಗಳಿಗೆ ಬಂದ ಡ್ರಿಲ್ ಮೇಷ್ಟ್ರುಗಳಲ್ಲಿ ಹಲವರು ಸೇನೆಯಿಂದ ಹೊರಬಂದವರಾಗಿದ್ದು, ಎಲ್ಲ ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ, ಒಂದೇ ತಾಳಕ್ಕೆ ಕೈಕಾಲು ಆಡಿಸುವುದನ್ನು ಕಲಿಸುತ್ತಿದ್ದರು. ಗರಡಿಯಲ್ಲಿ ಕಲೆಯಿತ್ತು, ಎಲ್ಲರೂ ಇರಲಿಲ್ಲ; ಡ್ರಿಲ್‌ನಲ್ಲಿ ಎಲ್ಲರೂ ಇದ್ದರು, ಆದರೆ ಆಟವಿರಲಿಲ್ಲ. ಇಂದಿನ ಪಿ.ಟಿ. ಮೇಷ್ಟ್ರ ಕೈಯಲ್ಲಿರುವ ಸೀಟಿ ಈ ಎರಡೂ ಪರಂಪರೆಗಳಿಂದ ಬಂದದ್ದು.

ಎಲ್ಲರಿಗೂ ಆಟ ಎಂಬ ಕಲ್ಪನೆ ದಕ್ಷಿಣ ಭಾರತಕ್ಕೆ ಮುಖ್ಯವಾಗಿ ಬಂದದ್ದು ವೈ.ಎಂ.ಸಿ.ಎ. ಸಂಸ್ಥೆಯ ಮೂಲಕ. ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದ ಶಿಕ್ಷಕರು 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ತರಬೇತಿ ಶಾಲೆಯೊಂದನ್ನು ಆರಂಭಿಸಿದರು. ಅದೇ ಮುಂದೆ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜಾಗಿ ಬೆಳೆದು ದೇಶದಾದ್ಯಂತ ಶಾಲೆಗಳಿಗೆ ಶಿಕ್ಷಕರನ್ನು ಒದಗಿಸಿತು. ಅದೇ ಬಕ್ 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತದ ತಂಡದ ಜೊತೆಗೂ ಇದ್ದರು ಎಂಬುದು ಗಮನಿಸಬೇಕಾದ ಸಂಗತಿ, ಏಕೆಂದರೆ ಎಲ್ಲರ ಶಿಕ್ಷಕ ಮತ್ತು ಕೆಲವರ ಮಾರ್ಗದರ್ಶಕ ಎಂಬ ಜೋಡಿ ಪಾತ್ರ ಈ ವೃತ್ತಿಗೆ ಆರಂಭದಿಂದಲೇ ಅಂಟಿಕೊಂಡಿದೆ. ಇಂದು ಶಾಲೆಗಳಲ್ಲಿ ಪಂದ್ಯಕ್ಕೆಂದೇ ಆಡಿಸುವ ಬ್ಯಾಸ್ಕೆಟ್‌ಬಾಲ್ ಮತ್ತು ವಾಲಿಬಾಲ್ ಆಟಗಳೂ ಕ್ರಮವಾಗಿ 1891 ಮತ್ತು 1895ರಲ್ಲಿ ಅಮೆರಿಕದ ವೈ.ಎಂ.ಸಿ.ಎ. ಒಳಾಂಗಣಗಳಲ್ಲಿ ಹುಟ್ಟಿದವು. ಚಳಿಗಾಲದಲ್ಲಿ ಹೊರಗೆ ಹೋಗಲಾಗದ ತರಗತಿಯೊಂದಕ್ಕೆ ಏನಾದರೂ ಆಡಿಸಬೇಕಾಗಿದ್ದರಿಂದ ಮೊದಲನೆಯದನ್ನು ಜೇಮ್ಸ್ ನೇಸ್ಮಿತ್ ರೂಪಿಸಿದರೆ, ಅಷ್ಟು ನೂಕುನುಗ್ಗಲು ತಾಳಲಾರದ ವಯಸ್ಕರಿಗಾಗಿ ಎರಡನೆಯದನ್ನು ವಿಲಿಯಂ ಮಾರ್ಗನ್ ರೂಪಿಸಿದರು. ಎರಡೂ ಶಿಕ್ಷಕರ ಸೃಷ್ಟಿಗಳು; ಎದುರಿಗಿದ್ದವರ ಅಗತ್ಯಕ್ಕೆ ತಕ್ಕಂತೆ ಆಟವನ್ನೇ ಹೊಸದಾಗಿ ಕಟ್ಟಿದ ಉದಾಹರಣೆಗಳು.

ಸ್ವಾತಂತ್ರ್ಯಾನಂತರ ಎರಡು ವೃತ್ತಿಗಳ ಶಿಕ್ಷಣ ಬೇರೆಯಾಯಿತು. ಶಾಲಾ ಶಿಕ್ಷಕರಾಗುವವರು ಬಿ.ಪಿ.ಎಡ್. ಪದವಿ ಪಡೆಯಬೇಕು, ಅದರಲ್ಲಿ ದೇಹರಚನೆ, ಬೆಳವಣಿಗೆಯ ಹಂತಗಳು, ಬೋಧನಾ ಕ್ರಮ, ಹಲವು ಆಟಗಳ ಪರಿಚಯ ಇವೆಲ್ಲ ಇರುತ್ತವೆ. ತರಬೇತುದಾರರಾಗುವವರು 1961ರಲ್ಲಿ ಪಟಿಯಾಲಾದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಂಥ ಕಡೆ ಒಂದೇ ಆಟವನ್ನು ಹಿಡಿದು ಡಿಪ್ಲೊಮಾ ಮಾಡುತ್ತಾರೆ. ಕ್ರೀಡಾ ವಲಯದಲ್ಲಿ ಎನ್.ಐ.ಎಸ್. ಕೋಚ್ ಎಂದರೆ ಇವರೇ. ಹೀಗೆ ಸರ್ಕಾರವೇ ಎರಡು ವಿದ್ಯೆಗಳನ್ನು ಬೇರೆ ಬೇರೆ ಎಂದು ಒಪ್ಪಿಕೊಂಡ ಮೇಲೂ, ಹಳ್ಳಿಯ ಪ್ರೌಢಶಾಲೆಯ ಒಬ್ಬ ಬಿ.ಪಿ.ಎಡ್. ಶಿಕ್ಷಕರಿಂದ ಕಬಡ್ಡಿ, ವಾಲಿಬಾಲ್, ಖೋ ಖೋ, ಥ್ರೋಬಾಲ್, ಓಟ, ಜಿಗಿತ, ಎಸೆತ ಇಷ್ಟರಲ್ಲೂ ಪಳಗಿದ ತರಬೇತಿಯನ್ನು ನಿರೀಕ್ಷಿಸಲಾಗುತ್ತದೆ.

ಶಿಕ್ಷಕನ ಕೆಲಸವೇ ಮೊದಲಿನದು ಎನ್ನಲು ಬಲವಾದ ಕಾರಣ ಮಕ್ಕಳ ಸ್ಥಿತಿಯಲ್ಲೇ ಇದೆ. ಗ್ರಾಮೀಣ ಭಾರತದ ಶಾಲೆಗಳನ್ನು ಕುರಿತ ಅಸರ್ ಸಮೀಕ್ಷೆಯ 2018ರ ವರದಿಯ ಪ್ರಕಾರ, ದೈಹಿಕ ಶಿಕ್ಷಣ ಶಿಕ್ಷಕರಿದ್ದ ಪ್ರಾಥಮಿಕ ಶಾಲೆಗಳು ಶೇ. 5.8 ಮಾತ್ರ, ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಈ ಪ್ರಮಾಣ ಶೇ. 30.8. ಶಿಕ್ಷಣ ಹಕ್ಕು ಕಾಯ್ದೆ, 2009 ಕೂಡ ಆರರಿಂದ ಎಂಟನೆಯ ತರಗತಿಗಳಿಗೆ ದೈಹಿಕ ಶಿಕ್ಷಣದ ಅರೆಕಾಲಿಕ ಬೋಧಕರನ್ನು ವಿಧಿಸುವುದು ಮಕ್ಕಳ ಸಂಖ್ಯೆ ನೂರನ್ನು ಮೀರಿದಾಗ ಮಾತ್ರ. ಅಂದರೆ ಎಷ್ಟೋ ಮಕ್ಕಳು ಆಟವನ್ನು ಕಲಿಸಲೆಂದೇ ಇರುವ ಶಿಕ್ಷಕರೊಬ್ಬರನ್ನು ಜೀವನದಲ್ಲಿ ಮೊದಲ ಬಾರಿಗೆ ಕಾಣುವುದು ಪ್ರೌಢಶಾಲೆಗೆ ಬಂದ ಮೇಲೆ, ಹದಿಮೂರೋ ಹದಿನಾಲ್ಕೋ ವಯಸ್ಸಿನಲ್ಲಿ. ಚೆಂಡನ್ನು ಭುಜದ ಮೇಲಿಂದ ಎಸೆಯುವುದು, ಜಿಗಿದಾಗ ಮೊಣಕಾಲು ಮಡಿಸಿ ನೆಲಕ್ಕೆ ಇಳಿಯುವುದು, ಬೀಳುವಾಗ ಅಂಗೈ ಊರದೆ ಉರುಳುವುದು ಇಂಥ ಮೂಲ ಚಲನೆಗಳನ್ನು ಚಿಕ್ಕಂದಿನಲ್ಲಿ ಯಾರೂ ತಿದ್ದದೇ ಇದ್ದುದರಿಂದ, ಎಂಟನೆಯ ತರಗತಿಯ ಹೊತ್ತಿಗೆ ಮಗು ತನಗೆ ಆಟ ಬರುವುದಿಲ್ಲ ಎಂದು ತೀರ್ಮಾನಿಸಿಬಿಟ್ಟಿರುತ್ತದೆ. ಹನ್ನೊಂದರಿಂದ ಹದಿನೇಳರ ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2016ರ ಮಾಹಿತಿಯನ್ನು ಆಧರಿಸಿದ ಅದರ ಅಂದಾಜಿನಂತೆ ಜಗತ್ತಿನ ಈ ವಯಸ್ಸಿನ ಮಕ್ಕಳಲ್ಲಿ ಶೇ. 81ರಷ್ಟು ಮಂದಿ ಆ ಮಟ್ಟ ಮುಟ್ಟುತ್ತಿಲ್ಲ. ಬಯಲಿನ ಅಂಚಿನಲ್ಲಿ ಕುಳಿತ ಆ ನಲವತ್ತೆಂಟು ಮಕ್ಕಳು ಇರುವುದು ಈ ಲೆಕ್ಕದೊಳಗೆ.

ಶಿಕ್ಷಕನ ಕೆಲಸವೆಂದರೆ ಚೆಂಡು ಕೊಟ್ಟು ಆಡಿಕೊಳ್ಳಿ ಎನ್ನುವುದಲ್ಲ ಎಂಬುದಕ್ಕೆ ಓಟದ ದಾರಿಯನ್ನು ಗುರುತಿಸುವ ಕೆಲಸವನ್ನೇ ನೋಡಬಹುದು. ಊರಿನ ಶಾಲೆಯ ಬಯಲಿನಲ್ಲಿ 400 ಮೀಟರಿನ ಟ್ರ್ಯಾಕ್‌ಗೆ ಜಾಗ ಸಿಗುವುದು ಅಪರೂಪ. ಸಾಮಾನ್ಯವಾಗಿ ಎರಡು ಗೂಟ, ಹಗ್ಗ, ಅಳತೆ ಟೇಪು ಮತ್ತು ಸುಣ್ಣದ ಪುಡಿಯಿಂದ 200 ಮೀಟರಿನ ಟ್ರ್ಯಾಕ್ ಮೂಡುತ್ತದೆ. ಒಂದೊಂದು ಲೇನಿನ ಅಗಲ 1.22 ಮೀಟರ್ ಎಂದು ಹಿಡಿದರೆ, ಹೊರಗಿನ ಲೇನಿನಲ್ಲಿ ಓಡುವವರ ಸುತ್ತು ಒಳಗಿನವರದಕ್ಕಿಂತ ಉದ್ದವಾಗುವುದರಿಂದ, ಪ್ರತಿ ಹೊರಗಿನ ಓಟಗಾರರನ್ನು ಅಷ್ಟೇ ಮುಂದಕ್ಕೆ ನಿಲ್ಲಿಸಬೇಕು. ಈ ಮುನ್ನಿಲುವಿಗೆ ಮೈದಾನದ ಭಾಷೆಯಲ್ಲಿ ಸ್ಟ್ಯಾಗರ್ ಎನ್ನುತ್ತಾರೆ. ಲೇನಿನ ಅಗಲವನ್ನು ಎರಡರಿಂದಲೂ, ಬಂದುದನ್ನು ಇಪ್ಪತ್ತೆರಡರ ಏಳಂಶದಿಂದಲೂ ಗುಣಿಸಿದರೆ ಸುಮಾರು 7.67 ಮೀಟರ್ ಬರುತ್ತದೆ. ಟ್ರ್ಯಾಕ್ 200 ಮೀಟರಿನದಿರಲಿ, 400 ಮೀಟರಿನದಿರಲಿ, ಪೂರ್ತಿ ಒಂದು ಸುತ್ತಿಗೆ ಸುಣ್ಣದ ಗೆರೆಗಳ ನಡುವೆ ಬಿಡಬೇಕಾದ ಅಂತರ ಅಷ್ಟೇ, ಏಕೆಂದರೆ ಅದು ವೃತ್ತದ ಗಾತ್ರವನ್ನು ಅವಲಂಬಿಸದೆ ಲೇನಿನ ಅಗಲವನ್ನು ಮಾತ್ರ ಅವಲಂಬಿಸಿದೆ. ವೃತ್ತದ ಪರಿಧಿಯನ್ನು ಕಪ್ಪುಹಲಗೆಯ ಮೇಲೆ ಮಾತ್ರ ಕಂಡಿದ್ದ ಒಂಬತ್ತನೆಯ ತರಗತಿಯ ಹುಡುಗಿ ಇದನ್ನು ಟೇಪು ಹಿಡಿದು, ಬಗ್ಗಿ, ಸುಣ್ಣ ಸುರಿದು ಖಚಿತಪಡಿಸಿಕೊಂಡಾಗ, ಓಟದಲ್ಲಿ ಎಂದೂ ಬಹುಮಾನ ಪಡೆಯದವಳಾದರೂ ಬಯಲಿಗೆ ತಾನೂ ಸೇರಿದವಳು ಎಂಬ ಅಧಿಕಾರ ಅವಳಿಗೆ ದಕ್ಕುತ್ತದೆ. ಕ್ರೀಡಾಕೂಟದ ಹಿಂದಿನ ದಿನ ಮೇಷ್ಟ್ರು ಒಬ್ಬರೇ ಅವಸರದಲ್ಲಿ ಗೆರೆ ಎಳೆದು ಮುಗಿಸಿದರೆ ಟ್ರ್ಯಾಕ್ ಸಿದ್ಧವಾಗುತ್ತದೆ, ಪಾಠ ನಡೆಯುವುದಿಲ್ಲ.

ಹಾಗೆಂದು ತರಬೇತಿ ಕೀಳಾದ ಕೆಲಸವೇನಲ್ಲ. ಅದು ಮಗುವಿಗೆ ಕೊಡುವುದನ್ನು ತರಗತಿಯ ಬೇರಾವ ಪಾಠವೂ ಕೊಡಲಾರದು. ಖೋ ಖೋ ಆಟದಲ್ಲಿ ಬೆನ್ನಟ್ಟುವವಳು ಒಮ್ಮೆ ದಿಕ್ಕು ಹಿಡಿದರೆ ಕಂಬ ಮುಟ್ಟುವವರೆಗೆ ಹಿಂದಿರುಗುವಂತಿಲ್ಲ, ಕುಳಿತವರ ಸಾಲಿನ ನಡುವೆ ದಾಟುವಂತಿಲ್ಲ. ಓಡುವವಳು ಆಚೆ ಬದಿಗೆ ನುಸುಳಿದ ಕ್ಷಣದಲ್ಲೇ ಕುಳಿತಿರುವ ಗೆಳತಿಯ ಬೆನ್ನನ್ನು ಹಿಂದಿನಿಂದ ಅಂಗೈಯಿಂದ ತಟ್ಟಿ, ಖೋ ಎಂದು ಕೂಗಿ, ಅಟ್ಟುವ ಕೆಲಸವನ್ನು ಅವಳಿಗೆ ಒಪ್ಪಿಸಬೇಕು. ಕೂಗು ತಟ್ಟುವುದಕ್ಕಿಂತ ಮೊದಲು ಬಂದರೂ ತಪ್ಪು, ಕುಳಿತವಳು ಕೂಗಿಗಿಂತ ಮೊದಲು ಎದ್ದರೂ ತಪ್ಪು. ಓಡಿ ಹಿಡಿಯುವ ಆಸೆ ಎಷ್ಟೇ ಇದ್ದರೂ, ತಾನು ಹಿಡಿಯಲಾರೆ, ಅವಳು ಹಿಡಿಯಬಲ್ಲಳು ಎಂಬ ತೀರ್ಮಾನವನ್ನು ಅರೆಕ್ಷಣದಲ್ಲಿ ಮಾಡಿ ಜಾಗ ಬಿಟ್ಟುಕೊಡುವ ವಿವೇಕವನ್ನು ತಿಂಗಳುಗಟ್ಟಲೆ, ಅದೇ ಚಲನೆಯನ್ನು ನೂರಾರು ಸಲ ಮಾಡಿಸಿಯೇ ಕಲಿಸಬೇಕಾಗುತ್ತದೆ. ಇಂಥ ಆಳ ಎಲ್ಲರೊಂದಿಗೆ ಒಂದು ಪೀರಿಯಡ್ ಕಳೆದುದರಿಂದ ಬರುವುದಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು ಎಂಬುದು, ದುಬಾರಿ ಸಲಕರಣೆ ಬೇಡದ ಆಟವೊಂದು ಹಳ್ಳಿಯ ಹೆಣ್ಣುಮಗುವನ್ನು ಎಲ್ಲಿಯವರೆಗೆ ಕರೆದೊಯ್ಯಬಲ್ಲದು ಎಂಬುದಕ್ಕೆ ಸಾಕ್ಷಿ.

ಆದರೆ ಶಾಲಾ ವರ್ಷದ ಪಂಚಾಂಗ ತರಬೇತುದಾರನ ಕಡೆಗೇ ವಾಲಿಕೊಂಡಿದೆ. ಜೂನ್‌ನಲ್ಲಿ ಶಾಲೆ ತೆರೆದು ಮಕ್ಕಳ ಹೆಸರುಗಳು ಮೇಷ್ಟ್ರಿಗೆ ಪರಿಚಯವಾಗುವ ಹೊತ್ತಿಗೇ ವಲಯ ಮಟ್ಟದ ಕ್ರೀಡಾಕೂಟದ ಸುತ್ತೋಲೆ ಬರುತ್ತದೆ. ಅಲ್ಲಿಂದ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲುಗಳು ಏರುತ್ತ ಹೋಗುತ್ತವೆ. ಮಳೆಗಾಲದ ಕೆಸರಿನಲ್ಲೇ ಹೆಚ್ಚಿನ ಅಭ್ಯಾಸ ಮುಗಿಯಬೇಕು. ಮಲೆನಾಡು ಮತ್ತು ಕರಾವಳಿಯಲ್ಲಂತೂ ಬಿಸಿಲು ಕಾಣುವ ಮೊದಲೇ ತಂಡಗಳು ಗೆದ್ದೋ ಸೋತೋ ಮನೆಗೆ ಮರಳಿರುತ್ತವೆ. ಆ ತಿಂಗಳುಗಳಲ್ಲಿ ಮೇಷ್ಟ್ರ ದಿನ ಪ್ರವೇಶ ನಮೂನೆ ತುಂಬುವುದು, ಜನ್ಮ ದಿನಾಂಕದ ದಾಖಲೆ ಜೋಡಿಸುವುದು, ಬಸ್ಸಿನ ಖರ್ಚು ಹೊಂದಿಸುವುದು, ಮಕ್ಕಳಿಗೆ ಮಧ್ಯಾಹ್ನದ ಊಟ ಎಲ್ಲಿ ಎಂದು ನೋಡುವುದು, ಬೇರೆ ಶಾಲೆಗಳ ಪಂದ್ಯಗಳಿಗೆ ನಿರ್ಣಾಯಕರಾಗಿ ನಿಲ್ಲುವುದು ಇವುಗಳಲ್ಲೇ ಕಳೆಯುತ್ತದೆ. ಅವರು ಶಾಲೆಯಲ್ಲಿಲ್ಲದ ದಿನ ಉಳಿದ ತರಗತಿಗಳ ಆಟದ ಪೀರಿಯಡ್ ತಾನಾಗಿಯೇ ಗಣಿತದ್ದೋ ವಿಜ್ಞಾನದ್ದೋ ಆಗುತ್ತದೆ. ಹತ್ತನೆಯ ತರಗತಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆಯ ನೆಪದಲ್ಲಿ ಅವರು ಶಾಲೆಯಲ್ಲಿದ್ದ ದಿನವೂ ಹಾಗೆ ಆಗುವುದುಂಟು.

ಇದರ ಮೂಲ ಕಾರಣ ವ್ಯಕ್ತಿಗಳ ಆಲಸ್ಯವಲ್ಲ, ಅಳತೆಗೋಲು. ಶಾಲೆಯ ವಾರ್ಷಿಕ ವರದಿಯಲ್ಲಿ ಓದಿ ಹೇಳುವುದು ಗೆದ್ದ ಪಾರಿತೋಷಕಗಳನ್ನು. ಮುಖ್ಯ ಶಿಕ್ಷಕರ ಕೊಠಡಿಯ ಗಾಜಿನ ಬೀರುವಿನಲ್ಲಿ ಕಾಣುವುದೂ ಅವೇ. ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಕ್ರೀಡಾ ಕೋಟಾ ಇರುವುದರಿಂದ ರಾಜ್ಯ ಮಟ್ಟದ ಪ್ರಮಾಣಪತ್ರಕ್ಕೆ ಪೋಷಕರ ದೃಷ್ಟಿಯಲ್ಲೂ ಬೆಲೆಯಿದೆ. ಆ ವರ್ಷ ಎಷ್ಟು ಮಕ್ಕಳು ಈಜಲು ಕಲಿತರು, ಆರಂಭದಲ್ಲಿ ಒಂದು ಸುತ್ತು ಓಡಿ ಏದುಸಿರು ಬಿಡುತ್ತಿದ್ದವರಲ್ಲಿ ಎಷ್ಟು ಮಂದಿ ವರ್ಷದ ಕೊನೆಗೆ ನಾಲ್ಕು ಸುತ್ತು ಓಡಿದರು, ಆಟದ ಬಟ್ಟೆಯಿಲ್ಲದೆ ಹಿಂಜರಿದಿದ್ದ ಎಷ್ಟು ಮಕ್ಕಳು ಬಯಲಿಗೆ ಬಂದರು ಎಂದು ಕೇಳುವ ಕಾಲಂ ಯಾವ ನಮೂನೆಯಲ್ಲೂ ಎದ್ದು ಕಾಣುವುದಿಲ್ಲ. ಪದಕ ಎಣಿಸುವುದು ಸುಲಭ, ಆದ್ದರಿಂದ ಎಣಿಸಲಾಗುತ್ತದೆ. ಎಣಿಸಿದ್ದೇ ಕೆಲಸವೆಂದು ಕ್ರಮೇಣ ಎಲ್ಲರೂ ನಂಬುತ್ತಾರೆ. ಹದಿನೇಳು ವರ್ಷದೊಳಗಿನವರ ವಿಭಾಗದಲ್ಲಿ ವಯಸ್ಸು ಮೀರಿದವರನ್ನು ಆಡಿಸಿದರೆಂಬ ದೂರುಗಳು ಕ್ರೀಡಾಕೂಟಗಳಲ್ಲಿ ಮತ್ತೆ ಮತ್ತೆ ಕೇಳಿಬರುವುದು ಈ ನಂಬಿಕೆಯ ಅತಿರೇಕದ ರೂಪ. ಶಿಕ್ಷಕರೇ ಸುಳ್ಳು ದಿನಾಂಕಕ್ಕೆ ಕಣ್ಣು ಮುಚ್ಚಿಕೊಂಡರೆ, ಆ ತಂಡದ ಮಕ್ಕಳಿಗೆ ಆ ದಿನ ಕಲಿಸಿದ್ದು ಕಬಡ್ಡಿಯನ್ನಲ್ಲ.

ತರಬೇತುದಾರ ಶಿಕ್ಷಕನನ್ನು ಪೂರ್ತಿ ನುಂಗಿದರೆ ಏನಾಗುತ್ತದೆ ಎಂಬುದನ್ನು ಜಪಾನಿನ ಅನುಭವ ಬಿಚ್ಚಿಡುತ್ತದೆ. ಅಲ್ಲಿನ ಶಾಲೆಗಳಲ್ಲಿ ತರಗತಿಗಳು ಮುಗಿದ ಮೇಲೆ ನಡೆಯುವ ಕ್ರೀಡೆ ಮತ್ತು ಕಲೆಗಳ ಕೂಟಗಳಿಗೆ ಬುಕಾತ್ಸು ಎಂದು ಹೆಸರು. ದೈಹಿಕ ಶಿಕ್ಷಣದವರು ಮಾತ್ರವಲ್ಲದೆ ಭಾಷೆ, ಗಣಿತ, ಸಮಾಜ ವಿಜ್ಞಾನದ ಶಿಕ್ಷಕರೂ ಯಾವುದಾದರೊಂದು ಕೂಟದ ಹೊಣೆ ಹೊರುವುದು ರೂಢಿ, ಆ ಆಟವನ್ನು ಅವರು ಎಂದೂ ಆಡಿರದಿದ್ದರೂ ಸರಿಯೇ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು 2018ರಲ್ಲಿ ನಡೆಸಿದ ಶಿಕ್ಷಕರ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ ಜಪಾನಿನ ಕೆಳ ಮಾಧ್ಯಮಿಕ ಹಂತದ ಶಿಕ್ಷಕರು ವಾರಕ್ಕೆ 56 ಗಂಟೆ ದುಡಿಯುತ್ತಿದ್ದರು. ಪಾಲ್ಗೊಂಡ ದೇಶಗಳ ಸರಾಸರಿ 38.3 ಗಂಟೆ. ಪಠ್ಯೇತರ ಚಟುವಟಿಕೆಗಳಿಗೇ ಅವರು ಕೊಡುತ್ತಿದ್ದುದು ವಾರಕ್ಕೆ 7.5 ಗಂಟೆ, ಉಳಿದೆಡೆಯ ಸರಾಸರಿ 1.9 ಗಂಟೆ. 1971ರ ಕಾನೂನೊಂದರ ಪ್ರಕಾರ ಅಲ್ಲಿನ ಸಾರ್ವಜನಿಕ ಶಾಲೆಗಳ ಶಿಕ್ಷಕರಿಗೆ ಹೆಚ್ಚುವರಿ ದುಡಿಮೆಯ ಭತ್ಯೆಯ ಬದಲು ಸಂಬಳದ ಶೇ. 4ರಷ್ಟು ಮೊತ್ತವನ್ನು ಮಾತ್ರ ಸೇರಿಸಲಾಗುತ್ತಿದ್ದುದರಿಂದ, ಭಾನುವಾರದ ಪಂದ್ಯವೂ ಲೆಕ್ಕಕ್ಕೆ ಸಿಗದ ಸೇವೆಯಾಗಿ ಉಳಿಯಿತು. ಕೊನೆಗೆ 2018ರಲ್ಲಿ ಸರ್ಕಾರವೇ ಮುಂದೆ ಬಂದು, ವಾರಕ್ಕೆ ಕನಿಷ್ಠ ಎರಡು ದಿನ ಕೂಟಗಳಿಗೆ ಬಿಡುವು ಇರಬೇಕು, ಶಾಲಾ ದಿನಗಳಲ್ಲಿ ಸುಮಾರು ಎರಡು ಗಂಟೆ, ರಜೆಯ ದಿನಗಳಲ್ಲಿ ಸುಮಾರು ಮೂರು ಗಂಟೆ ಮೀರಬಾರದು ಎಂದು ಮಾರ್ಗಸೂಚಿ ಹೊರಡಿಸಬೇಕಾಯಿತು. 2023ರಿಂದ ರಜಾದಿನದ ಕೂಟಗಳನ್ನು ಶಾಲೆಗಳಿಂದ ಸ್ಥಳೀಯ ಸಂಘಗಳಿಗೆ ವರ್ಗಾಯಿಸುವ ಕೆಲಸವೂ ಆರಂಭವಾಗಿದೆ.

ದುಡಿಮೆಯ ಗಂಟೆಗಳಿಗಿಂತ ಆತಂಕದ ಸಂಗತಿ ಇನ್ನೊಂದಿದೆ. 2012ರ ಡಿಸೆಂಬರ್‌ನಲ್ಲಿ ಒಸಾಕಾ ನಗರದ ಪ್ರೌಢಶಾಲೆಯೊಂದರ ಬ್ಯಾಸ್ಕೆಟ್‌ಬಾಲ್ ತಂಡದ ನಾಯಕನಾಗಿದ್ದ ಹದಿನೇಳರ ಹುಡುಗ, ತರಬೇತು ಕೊಡುತ್ತಿದ್ದ ಶಿಕ್ಷಕರಿಂದ ಪದೇ ಪದೇ ಏಟು ತಿಂದ ಬಳಿಕ ಆತ್ಮಹತ್ಯೆ ಮಾಡಿಕೊಂಡ. ಆ ಶಿಕ್ಷಕರು ತಂಡವನ್ನು ಗೆಲ್ಲಿಸಿ ಹೆಸರಾದವರಾಗಿದ್ದು, ಆ ಹೆಸರೇ ಅವರ ಸುತ್ತ ಪ್ರಶ್ನೆಗಳು ಏಳದಂತೆ ತಡೆಯಿತು. ತಂಡದಲ್ಲಿ ಉಳಿಸುವ, ತೆಗೆಯುವ, ಪ್ರಮಾಣಪತ್ರಕ್ಕೆ ಹೆಸರು ಕಳುಹಿಸುವ ಅಧಿಕಾರ ತರಬೇತುದಾರನ ಕೈಯಲ್ಲಿದ್ದಾಗ ಮಗು ನೋವನ್ನು ನುಂಗಿಕೊಳ್ಳುತ್ತದೆ. ಪೋಷಕರು ಕೂಡ ಅದನ್ನು ಶಿಸ್ತು ಎಂದು ಕರೆಯುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದ್ದರೂ, ತರಗತಿಯಲ್ಲಿ ಬೆತ್ತ ಹಿಡಿದರೆ ತಪ್ಪೆನ್ನುವ ಊರುಗಳಲ್ಲಿಯೇ ಬಯಲಿನಲ್ಲಿ ಅದು ತಪ್ಪಲ್ಲ ಎನ್ನುವ ಮನೋಭಾವ ಇನ್ನೂ ಹೋಗಿಲ್ಲ. ಸೋತ ತಂಡವನ್ನು ಬಿಸಿಲಿನಲ್ಲಿ ಸುತ್ತು ಹೊಡೆಸುವುದು ಓಟವನ್ನೇ ಶಿಕ್ಷೆಯಾಗಿ ಮಾಡಿಬಿಡುತ್ತದೆ, ಮತ್ತು ಓಟವನ್ನು ಶಿಕ್ಷೆಯೆಂದು ಕಲಿತ ಮಗು ಶಾಲೆ ಬಿಟ್ಟ ಮೇಲೆ ಓಡುವುದಿಲ್ಲ.

ಅಮೆರಿಕದ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನವನ್ನೋ ದೈಹಿಕ ಶಿಕ್ಷಣವನ್ನೋ ಕಲಿಸುವವರೇ ಪ್ರತ್ಯೇಕ ಭತ್ಯೆ ಪಡೆದು ಫುಟ್‌ಬಾಲ್ ತಂಡಕ್ಕೂ ಕೋಚ್ ಆಗಿರುವುದು ಸಾಮಾನ್ಯ. ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್‌ಮನ್ ಇಲಿನಾಯ್ ರಾಜ್ಯದ ಹತ್ತು ಪ್ರೌಢಶಾಲೆಗಳನ್ನು ಅಧ್ಯಯನ ಮಾಡಿ 1961ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಲ್ಲಿನ ಹುಡುಗರು ಜಾಣ ವಿದ್ಯಾರ್ಥಿಯೆಂದು ನೆನಪಿನಲ್ಲಿ ಉಳಿಯುವುದಕ್ಕಿಂತ ಕ್ರೀಡಾಪಟುವೆಂದು ಉಳಿಯಲು ಹೆಚ್ಚು ಬಯಸುತ್ತಾರೆ ಎಂದು ತೋರಿಸಿದರು. ಕರ್ನಾಟಕದ ಶಾಲೆಗಳ ರೋಗ ಇದಕ್ಕೆ ವಿರುದ್ಧ ದಿಕ್ಕಿನದು. ಇಲ್ಲಿ ಅಂಕಗಳ ಮುಂದೆ ಆಟಕ್ಕೆ ಮಾನ್ಯತೆಯಿಲ್ಲ. ಎರಡು ರೋಗಗಳಿಗೂ ಒಂದೇ ಮೂಲವಿದೆ: ಆಟವನ್ನು ಶಿಕ್ಷಣದ ಭಾಗವೆಂದು ಎಣಿಸದೆ, ಶಿಕ್ಷಣಕ್ಕೆ ಎದುರಾಗಿ ನಿಂತ ಇನ್ನೊಂದು ಸ್ಪರ್ಧೆಯೆಂದು ಎಣಿಸುವುದು.

ಹಾಗಿದ್ದರೆ ಎರಡು ವೃತ್ತಿಗಳನ್ನು ಬೇರ್ಪಡಿಸಿ, ಶಾಲೆಯಲ್ಲಿ ಶಿಕ್ಷಕರು ಮಾತ್ರ ಇರಲಿ, ತರಬೇತಿಯನ್ನು ಕ್ರೀಡಾ ಶಾಲೆಗಳಿಗೂ ಅಕಾಡೆಮಿಗಳಿಗೂ ಬಿಡೋಣ ಎಂಬ ವಾದ ಸಹಜವಾಗಿ ಏಳುತ್ತದೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕ್ರೀಡಾ ಶಾಲೆ ಮತ್ತು ಕ್ರೀಡಾ ನಿಲಯಗಳನ್ನು ನಡೆಸುತ್ತದೆ. ಆಯ್ಕೆಯಾದ ಮಕ್ಕಳಿಗೆ ಅಲ್ಲಿ ಊಟ, ವಸತಿ, ತರಬೇತುದಾರರು ಎಲ್ಲವೂ ದೊರೆಯುತ್ತವೆ. ಆದರೆ ಆ ಆಯ್ಕೆಗೆ ಮಗುವನ್ನು ಕರೆದೊಯ್ಯುವವರು ಯಾರು ಎಂದು ಕೇಳಿದರೆ ಬೇರ್ಪಡಿಸುವ ವಾದ ಸಡಿಲಾಗುತ್ತದೆ. ನಗರದ ಅಕಾಡೆಮಿಗಳು ಶುಲ್ಕ ಕೊಡಬಲ್ಲವರಿಗೆ ಮಾತ್ರ. ಕೂಲಿಗೆ ಹೋಗುವ ತಾಯಿಯ ಮಗಳಿಗೆ ಮೀನಖಂಡದಲ್ಲಿ ಕಸುವಿದೆ, ಕಣ್ಣಿನಲ್ಲಿ ಚುರುಕಿದೆ ಎಂಬುದನ್ನು ಮೊದಲು ಗುರುತಿಸುವುದು ಶಾಲೆಯ ಬಯಲಿನಲ್ಲಿ ಅವಳನ್ನು ಎಲ್ಲರೊಂದಿಗೆ ಆಡಿಸಿ ನೋಡಿದ ಶಿಕ್ಷಕರೇ. ಹೊರಗಿನ ತರಬೇತುದಾರನಿಗೆ ಮಗುವಿನ ಎರಡು ಗಂಟೆ ಮಾತ್ರ ಗೊತ್ತು. ಶಾಲೆಯ ಶಿಕ್ಷಕರಿಗೆ ಅವಳು ಬೆಳಿಗ್ಗೆ ಉಪವಾಸ ಬಂದಿದ್ದಾಳೆಯೇ, ಗಣಿತದಲ್ಲಿ ಹಿಂದೆ ಬಿದ್ದಿದ್ದಾಳೆಯೇ, ಮನೆಯಲ್ಲಿ ಏನಾದರೂ ಆಗಿದೆಯೇ ಎಂಬುದೂ ಗೊತ್ತಿರುತ್ತದೆ. ಇಂದು ಅಭ್ಯಾಸ ಬೇಡ, ಮನೆಗೆ ಹೋಗು ಎಂದು ಹೇಳುವ ವಿವೇಕ ಹುಟ್ಟುವುದು ಆ ತಿಳಿವಳಿಕೆಯಿಂದ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಸಮಯವೂ ಸಾಧನವೂ ಕಡಿಮೆ ಇರುವಾಗ ಇರುವುದನ್ನು ಪ್ರತಿಭಾವಂತ ಹನ್ನೆರಡು ಮಂದಿಗೆ ಕೊಡುವುದೇ ನ್ಯಾಯ, ಏಕೆಂದರೆ ಬಡ ಮಕ್ಕಳಿಗೆ ಆಟವೇ ಮೇಲೇರುವ ಏಣಿ, ಎಲ್ಲರಿಗೂ ಹಂಚಿದರೆ ಯಾರಿಗೂ ಸಾಲದು ಎಂದು ಅನುಭವಿ ಮೇಷ್ಟ್ರುಗಳೇ ಹೇಳುತ್ತಾರೆ. 2018ರಲ್ಲಿ ಮೊದಲ ಖೇಲೋ ಇಂಡಿಯಾ ಶಾಲಾ ಕ್ರೀಡಾಕೂಟ ನಡೆದಾಗ, ಆಯ್ಕೆಯಾದ ಪ್ರತಿಭೆಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳಂತೆ ಎಂಟು ವರ್ಷ ನೆರವು ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ ಮುಂದಿಟ್ಟದ್ದು ಆ ಏಣಿಗೆ ಇನ್ನಷ್ಟು ಮೆಟ್ಟಿಲು ಸೇರಿಸಿತು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಹನ್ನೆರಡು ಮಂದಿ ಯಾರು ಎಂಬುದು ಜೂನ್ ತಿಂಗಳಲ್ಲಿ ಯಾರಿಗೆ ತಾನೇ ತಿಳಿದಿರುತ್ತದೆ? ಈ ವಯಸ್ಸಿನಲ್ಲಿ ಬೆಳವಣಿಗೆಯ ವೇಗ ಮಗುವಿನಿಂದ ಮಗುವಿಗೆ ಬೇರೆ. ಎಂಟನೆಯ ತರಗತಿಯಲ್ಲಿ ಎತ್ತರವಾಗಿರುವ ಹುಡುಗ ಪ್ರತಿಭಾವಂತನೇ ಆಗಿರಬೇಕಿಲ್ಲ, ಬೇಗ ಬೆಳೆದವನಷ್ಟೇ ಆಗಿರಬಹುದು. ಅವನ ಪಕ್ಕದ ಸಣ್ಣ ಹುಡುಗ ಎರಡು ವರ್ಷಗಳಲ್ಲಿ ಅವನನ್ನು ಮೀರಬಹುದು, ಅಲ್ಲಿಯವರೆಗೆ ಅವನನ್ನು ಬಯಲಿನಲ್ಲಿ ಉಳಿಸಿಕೊಂಡಿದ್ದರೆ ಮಾತ್ರ. ಎಲ್ಲರನ್ನೂ ಆಡಿಸುವುದು ಸಮಾನತೆಯ ಬೇಡಿಕೆ ಎಂಬುದರ ಜೊತೆಗೆ ಒಳ್ಳೆಯ ತರಬೇತಿಯ ಬೇಡಿಕೆಯೂ ಹೌದು.

ಹೆಣ್ಣುಮಕ್ಕಳ ವಿಚಾರದಲ್ಲಿ ಈ ಮಾತು ಇನ್ನೂ ತೀಕ್ಷ್ಣವಾಗುತ್ತದೆ. ಎಂಟನೆಯ ತರಗತಿಯಲ್ಲಿ ಬಯಲು ತುಂಬ ಓಡಾಡುವ ಹುಡುಗಿಯರಲ್ಲಿ ಹಲವರು ಹತ್ತನೆಯ ತರಗತಿಯ ಹೊತ್ತಿಗೆ ಬೇಲಿಯಂಚಿಗೆ ಸರಿದಿರುತ್ತಾರೆ. ಮುಟ್ಟಿನ ದಿನಗಳಿಗೆ ಬೇಕಾದ ಶೌಚಾಲಯ ಮತ್ತು ನೀರು ಇಲ್ಲದಿರುವುದು, ಬಟ್ಟೆಯ ಬಗ್ಗೆ ಊರಿನವರ ಮಾತು, ಸಂಜೆ ತಡವಾದರೆ ಬಸ್ಸಿಲ್ಲದ ಭಯ, ಬಿಸಿಲಿಗೆ ಕಪ್ಪಾಗುವೆ ಎಂಬ ಮನೆಯವರ ಎಚ್ಚರಿಕೆ, ಎಲ್ಲವೂ ಸೇರಿ ಅವರನ್ನು ಹಿಂದಕ್ಕೆ ಎಳೆಯುತ್ತವೆ. ತಂಡಕ್ಕೆ ಬೇಕಾದ ಒಬ್ಬ ಹುಡುಗಿಗಾಗಿ ಮೇಷ್ಟ್ರು ಅವಳ ಮನೆಗೆ ಹೋಗಿ ತಂದೆತಾಯಿಯನ್ನು ಒಪ್ಪಿಸುವುದು ಎಲ್ಲ ತಾಲ್ಲೂಕುಗಳಲ್ಲೂ ಕಾಣಸಿಗುವ, ಗೌರವಿಸಬೇಕಾದ ಸಂಗತಿ. ತಂಡಕ್ಕೆ ಬೇಡವಾದ ಹುಡುಗಿಗಾಗಿಯೂ ಅದೇ ಬಾಗಿಲು ತಟ್ಟುವ ಕಾರಣ ಅವರಿಗೆ ಇರಬೇಕಾದರೆ, ಅವಳು ಆಡಿದಳೇ ಎಂಬುದನ್ನು ಶಾಲೆ ಕೇಳಬೇಕು.

ಈ ಎಲ್ಲ ಹೊಣೆಯನ್ನು ಹೊರಬೇಕಾದವರ ಸ್ಥಾನಮಾನ ಮಾತ್ರ ಶಾಲೆಯೊಳಗೆ ಅರ್ಧದ್ದು. ದೈಹಿಕ ಶಿಕ್ಷಣವನ್ನು ಕುರಿತ ಪ್ರೊ. ಎಲ್.ಆರ್. ವೈದ್ಯನಾಥನ್ ಅವರ ವರದಿಯನ್ನು ಜಾರಿಗೆ ತರಬೇಕು, ತಮ್ಮನ್ನು ಉಳಿದ ವಿಷಯಗಳ ಸಹ ಶಿಕ್ಷಕರಂತೆಯೇ ಪರಿಗಣಿಸಿ ಬಡ್ತಿಯ ಅವಕಾಶ ನೀಡಬೇಕು ಎಂಬುದು ರಾಜ್ಯದ ದೈಹಿಕ ಶಿಕ್ಷಣ ಶಿಕ್ಷಕರ ಬಹುಕಾಲದ ಬೇಡಿಕೆ. ಅದನ್ನು ಸಂಬಳ ಮತ್ತು ಬಡ್ತಿಯ ಜಗಳವೆಂದಷ್ಟೇ ನೋಡುವುದು ತಪ್ಪು. ಬೋಧಕರೆಂದು ಪೂರ್ತಿ ಒಪ್ಪದ ವ್ಯಕ್ತಿಯನ್ನು ವ್ಯವಸ್ಥೆ ಕೈಗೆ ಸಿಕ್ಕ ಕೆಲಸಕ್ಕೆಲ್ಲ ಬಳಸುತ್ತದೆ: ಪ್ರಾರ್ಥನೆಯ ಸಾಲು ನೇರ ಮಾಡುವುದು, ತಡವಾಗಿ ಬಂದವರನ್ನು ಗೇಟಿನಲ್ಲಿ ನಿಲ್ಲಿಸುವುದು, ಸ್ವಾತಂತ್ರ್ಯ ದಿನದ ಪಥಸಂಚಲನ, ಬಿಸಿಯೂಟದ ಮೇಲ್ವಿಚಾರಣೆ, ಗೈರಾದ ಶಿಕ್ಷಕರ ತರಗತಿ ಕಾಯುವುದು. ಗಣತಿ ಮತ್ತು ಚುನಾವಣೆಯ ಕೆಲಸ ಎಲ್ಲ ಶಿಕ್ಷಕರಿಗೂ ಬರುತ್ತದೆ. ಮೇಲೆ ಹೇಳಿದ ಕೆಲಸಗಳು ಇವರಿಗೇ ಬರುತ್ತವೆ. ಪರೀಕ್ಷೆಯ ಒಟ್ಟು ಅಂಕಕ್ಕೆ ಸೇರದ ವಿಷಯವನ್ನು ಕಲಿಸುವ ವ್ಯಕ್ತಿ ತನ್ನ ಇರುವಿಕೆಯನ್ನು ಸಾಬೀತುಪಡಿಸಲು ಪದಕದತ್ತ ಮುಖ ಮಾಡಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಶಿಕ್ಷಕನೆಂಬ ಗೌರವ ಕೊಡದ ಶಾಲೆಯೇ ಅವರನ್ನು ತರಬೇತುದಾರನ ಪಾತ್ರಕ್ಕೆ ದೂಡುತ್ತದೆ.

ಆದ್ದರಿಂದ ಬದಲಾವಣೆ ಆರಂಭವಾಗಬೇಕಾದುದು ಮೇಷ್ಟ್ರಿಗೆ ಉಪದೇಶ ಮಾಡುವುದರಿಂದಲ್ಲ, ಅವರ ಸಮಯವನ್ನು ಲೆಕ್ಕಕ್ಕೆ ಹಿಡಿಯುವುದರಿಂದ. ಸಂಜೆಯ ತರಬೇತಿಯ ಗಂಟೆಗಳು ಸೇವೆಯ ಗಂಟೆಗಳೆಂದು ದಾಖಲಾಗಬೇಕು; ಹಾಗೆ ದಾಖಲಾದರೆ ಅವುಗಳಿಗೆ ಮಿತಿಯೂ ಬರುತ್ತದೆ, ಪರಿಹಾರದ ಪ್ರಶ್ನೆಯೂ ಏಳುತ್ತದೆ, ಜಪಾನಿನಲ್ಲಿ ಆದಂತೆ ಅರ್ಧ ಶತಮಾನ ಕಾಯಬೇಕಾಗುವುದಿಲ್ಲ. ಕ್ರೀಡಾಕೂಟಕ್ಕೆ ತಂಡ ಕರೆದೊಯ್ದ ದಿನ ಶಾಲೆಯಲ್ಲಿ ಉಳಿದ ಮಕ್ಕಳ ಆಟದ ಪೀರಿಯಡ್ ಆಟದ್ದಾಗಿಯೇ ಉಳಿಯಬೇಕು. ಅದಕ್ಕೆ ಬೇರೊಬ್ಬ ಶಿಕ್ಷಕರಿಗೆ ಅಲ್ಪ ತರಬೇತಿ ಕೊಟ್ಟರೂ ಸಾಕು, ಹತ್ತನೆಯ ತರಗತಿಯ ಮಕ್ಕಳೇ ಎಂಟನೆಯವರನ್ನು ಆಡಿಸಬಲ್ಲರು. ವಲಯ ಮಟ್ಟದ ಕೂಟವನ್ನು ಪಂದ್ಯ ಸೋತೊಡನೆ ಮನೆಗೆ ಕಳುಹಿಸುವ ನಾಕೌಟ್ ಪದ್ಧತಿಯಲ್ಲಿ ನಡೆಸುವ ಬದಲು, ಪ್ರತಿ ತಂಡಕ್ಕೂ ಮೂರೋ ನಾಲ್ಕೋ ಪಂದ್ಯ ಸಿಗುವ ಲೀಗ್ ಪದ್ಧತಿಗೆ ತಂದರೆ, ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಮಕ್ಕಳು ಅರ್ಧ ಗಂಟೆಯಲ್ಲಿ ಚೀಲ ಕಟ್ಟಿಕೊಂಡು ಬಸ್ ಹತ್ತುವುದು ತಪ್ಪುತ್ತದೆ. ಅದಕ್ಕೆ ಬೇಕಾದ ಹೆಚ್ಚಿನ ಒಂದೆರಡು ದಿನ ಮತ್ತು ಊಟದ ಖರ್ಚು ಇಲಾಖೆಗೆ ಭಾರವೇನಲ್ಲ.

ಇದಕ್ಕಿಂತ ಸಣ್ಣದಾದ, ಹಣ ಬೇಡದ ಇನ್ನೊಂದು ಕೆಲಸವನ್ನು ಯಾವ ಮುಖ್ಯ ಶಿಕ್ಷಕರೂ ಈ ವರ್ಷವೇ ಮಾಡಬಹುದು. ವಾರ್ಷಿಕ ವರದಿಯಲ್ಲಿ ಪಾರಿತೋಷಕಗಳ ಪಟ್ಟಿಗಿಂತ ಮೊದಲು, ಶಾಲೆಯ ಒಟ್ಟು ಮಕ್ಕಳಲ್ಲಿ ಎಷ್ಟು ಮಂದಿ ಆ ವರ್ಷ ಯಾವುದಾದರೊಂದು ಆಟವನ್ನು ನಿಯಮವರಿತು ಆಡಲು ಕಲಿತರು ಎಂಬ ಒಂದು ಸಂಖ್ಯೆಯನ್ನು, ಹುಡುಗರದ್ದು ಮತ್ತು ಹುಡುಗಿಯರದ್ದು ಬೇರೆ ಬೇರೆಯಾಗಿ, ಓದಿ ಹೇಳಬೇಕು. ಆ ಸಂಖ್ಯೆಯನ್ನು ಒದಗಿಸಬೇಕಾದ ಶಿಕ್ಷಕರು ಮರುವರ್ಷದ ಜೂನ್‌ನಲ್ಲಿ ಬಯಲಿಗೆ ಇಳಿಯುವಾಗ ತಂಡದ ಹನ್ನೆರಡು ಹೆಸರುಗಳ ಜೊತೆಗೆ ಹಾಜರಿ ಪುಸ್ತಕವನ್ನೂ ಕೈಯಲ್ಲಿ ಹಿಡಿದಿರುತ್ತಾರೆ.